ಮೇಷ್ಟ್ರು ಬಫರ್ ನೋಡಲು ಹೋದದ್ದು

ಅರುಂಧತಿ ಮದ್ದೂರಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡಲು ಶುರುಮಾಡಿ ಹದಿನೆಂಟು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಉತ್ತರಪತ್ರಿಕೆ ನೋಡುತ್ತಾ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕದ್ದು ಒಂದೇ ಸಲ. ವನಜಾ ಎಂಬ ಹುಡುಗಿ, ಹತ್ತನೇ ತರಗತಿಯವರೆಗೂ ಕನ್ನಡದಲ್ಲಿ ಓದಿ ಬಂದವಳು, ‘ಬಫರ್ ದ್ರಾವಣ ಎಂದರೇನು?’ ಎಂಬ ಪ್ರಶ್ನೆಗೆ ಅಚ್ಚುಕಟ್ಟಾಗಿ ಹೀಗೆ ಬರೆದಿದ್ದಳು: ‘ಮದುವೆ ಮನೆಯಲ್ಲಿ ನಿಂತುಕೊಂಡು ಊಟ ಮಾಡುವಾಗ ಕುಡಿಯಲು ಕೊಡುವ ಸಾರಿಗೆ ಬಫರ್ ದ್ರಾವಣ ಎನ್ನುತ್ತಾರೆ.’

ನಗು ನಿಂತ ಮೇಲೆ ಅರುಂಧತಿಗೆ ಬೇಸರವಾಯಿತು. ಹುಡುಗಿಯ ತಪ್ಪೇನು? ಮಳವಳ್ಳಿಯಿಂದ ಮಂಡ್ಯದವರೆಗೆ ಯಾವ ಛತ್ರಕ್ಕೆ ಹೋದರೂ ನಿಂತುಕೊಂಡು ಉಣ್ಣುವುದಕ್ಕೆ ‘ಬಫರ್ ಊಟ’ ಎಂದೇ ಹೆಸರು. ಅದು ಬಫೆ, ಬಫರ್ ಅಲ್ಲ ಎಂದು ತಿದ್ದಿದರೆ ಅಡುಗೆಯವನೇ ಒಪ್ಪುವುದಿಲ್ಲ. ಆ ಪದವನ್ನು ಹಾಗೆ ಕೇಳಿ ಬೆಳೆದ ಮಕ್ಕಳಿಗೆ ಅದರ ಬೇರೆ ಅರ್ಥಗಳನ್ನು ಯಾರಾದರೂ ಕನ್ನಡದಲ್ಲಿ ಹೇಳಬೇಕಲ್ಲ?

ಹೇಳುವ ಕೆಲಸ ಆಗಲೇ ನಡೆದಿತ್ತು. ಜಿಲ್ಲೆಯ ನಾಲ್ಕೈದು ಮಂದಿ ಉಪನ್ಯಾಸಕರು ಸೇರಿ, ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗಾಗಿ ವಿಜ್ಞಾನದ ಪದಗಳ ಕೈಪಿಡಿಯೊಂದನ್ನು ಸಿದ್ಧಮಾಡುತ್ತಿದ್ದರು. ಪ್ರತಿ ಭಾನುವಾರ ಮಂಡ್ಯದ ಒಂದು ಶಾಲೆಯ ಕೋಣೆಯಲ್ಲಿ ಸಭೆ. ಅಧ್ಯಕ್ಷರು ರಾಮಾನುಜ ಮೇಷ್ಟ್ರು. ಎಪ್ಪತ್ತನಾಲ್ಕು ವರ್ಷ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಕಂಕುಳಲ್ಲಿ ಛತ್ರಿ. ಹೈಸ್ಕೂಲಿನಲ್ಲಿ ಅರುಂಧತಿಗೆ ಕನ್ನಡ ಕಲಿಸಿದವರು ಅವರೇ. ಒಂದೊಂದು ಪದಕ್ಕೆ ಒಂದೊಂದು ಚೀಟಿ. ಚೀಟಿಗಳೆಲ್ಲ ಮೇಷ್ಟ್ರ ಮುತ್ತಿನಂಥ ಅಕ್ಷರದಲ್ಲಿ, ಒಂದು ಹಳೆಯ ಚಪ್ಪಲಿ ಡಬ್ಬಿಯೊಳಗೆ ಸಾಲಾಗಿ ನಿಂತಿದ್ದವು. ಒಂಬೈನೂರು ಚೀಟಿ ಸಲೀಸಾಗಿ ಮುಗಿದು, ಗಾಡಿ ‘ಬಫರ್’ ಹತ್ತಿರ ಬಂದು ನಿಂತಿತು.

ಆ ಒಂದು ಪದಕ್ಕೆ ಆ ಕೋಣೆಯಲ್ಲಿ ನಾಲ್ಕು ಜನ ವಾರಸುದಾರರಿದ್ದರು. ಅರುಂಧತಿಗೆ ಅದು ಆಮ್ಲ ಬಿದ್ದರೂ ಕ್ಷಾರ ಬಿದ್ದರೂ ತನ್ನ ಸ್ವಭಾವ ಬಿಡದ ದ್ರಾವಣ. ಕಂಪ್ಯೂಟರ್ ಹೇಳಿಕೊಡುವ ಮಧುಕರನಿಗೆ, ಬರುವ ಮಾಹಿತಿಯನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಜಾಗ. ಹಲಗೂರಿನಿಂದ ಬರುವ ಜೀವಶಾಸ್ತ್ರದ ಇಂದ್ರಮ್ಮನಿಗೆ ಕಾಡಿಗೂ ಹೊಲಕ್ಕೂ ನಡುವೆ ಬಿಟ್ಟಿರುವ ವಲಯ. ರಾಮಾನುಜ ಮೇಷ್ಟ್ರಿಗೆ ಮಾತ್ರ ಅದು ನಿಘಂಟಿನಲ್ಲಿ ಕಂಡಂತೆ ರೈಲಿನ ಒಂದು ಭಾಗ.

“ಎಲ್ಲಕ್ಕೂ ಸೇರಿ ಒಂದೇ ಪದ ಇಟ್ಟರಾಯಿತು,” ಎಂದರು ಮೇಷ್ಟ್ರು. ಐದು ದಿನ ಕೂತು ಯೋಚಿಸಿ ತಂದ ಪದ. ಕನ್ನಡಕ ಸರಿಮಾಡಿಕೊಂಡು, ಮಗುವಿನ ನಾಮಕರಣದಲ್ಲಿ ಹೆಸರು ಕೂಗುವವರ ಹಾಗೆ ಹೇಳಿದರು: “ಆಘಾತಶಾಮಕ.”

ಇಂದ್ರಮ್ಮ ಅದನ್ನು ಬಾಯೊಳಗೇ ಒಂದು ಸಲ ಹೇಳಿ ನೋಡಿದರು.

“ಸಾರ್, ನನ್ನ ಬೀಕರಿನಲ್ಲಿ ಆಘಾತ ಅಂತ ಏನೂ ಆಗೋದಿಲ್ಲ,” ಎಂದಳು ಅರುಂಧತಿ, ಆದಷ್ಟೂ ಮೆತ್ತಗೆ.

“ಯಾಕಮ್ಮ, ನೆತ್ತಿಯ ಮೇಲೆ ಆಮ್ಲ ಸುರಿದರೆ ನಿನಗೆ ಆಘಾತವಾಗೋದಿಲ್ವೆ? ದ್ರಾವಣಕ್ಕೂ ಹಾಗೇ.”

“ನಮ್ಮೂರ ಕಡೆ ಬಫರ್ ವಲಯ ಮ್ಯಾಪಿನಲ್ಲೇನೋ ಇದೆ ಸಾರ್. ಆದರೆ ಆನೆ ಮ್ಯಾಪು ನೋಡಿಲ್ಲ. ಆಘಾತವೆಲ್ಲ ನಮ್ಮ ರಾಗಿಗೇ,” ಎಂದರು ಇಂದ್ರಮ್ಮ.

ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಧುಕರ ಮೂವತ್ತರ ಹುಡುಗ, ಬಾಯಿಗೆ ಬಂದದ್ದನ್ನು ಹಿಡಿದಿಟ್ಟುಕೊಳ್ಳುವ ವಯಸ್ಸು ಇನ್ನೂ ಬಂದಿರಲಿಲ್ಲ. ಫೋನ್ ಎತ್ತಿ, ಚಕ್ರ ಗಿರಗಿರ ಸುತ್ತುತ್ತಿದ್ದ ವಿಡಿಯೋ ತೋರಿಸಿ, “ಹಾಗಾದರೆ ಇದನ್ನ ‘ವಿಡಿಯೋ ಆಘಾತಶಾಮಿಸುತ್ತಿದೆ’ ಅನ್ನಬೇಕಾ ಸಾರ್? ಅಷ್ಟು ಹೇಳಿ ಮುಗಿಸೋದರೊಳಗೆ ಸಿನಿಮಾನೇ ಮುಗಿದಿರುತ್ತೆ!” ಎಂದು ನಕ್ಕುಬಿಟ್ಟ. ಇಂದ್ರಮ್ಮನೂ ನಕ್ಕರು. ಅರುಂಧತಿ ನಗಲಿಲ್ಲ, ಆದರೆ ತುಟಿ ಕಚ್ಚಿಕೊಂಡದ್ದು ಮೇಷ್ಟ್ರಿಗೆ ಕಂಡಿತು.

ಮೇಷ್ಟ್ರು ಕೂಗಾಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು, ಛತ್ರಿ ಎತ್ತಿಕೊಂಡರು, ಚಪ್ಪಲಿ ಡಬ್ಬಿಗೆ ದಾರ ಕಟ್ಟಿದರು. “ನೀವು ಓದಿದವರು. ನೀವೇ ಮಾಡಿಕೊಳ್ಳಿ,” ಎಂದು ಹೊರಟೇಹೋದರು. ಅವರು ಗೇಟು ದಾಟಿದ ಮೇಲೆ ಇವರಿಗೆ ಹೊಳೆಯಿತು: ಒಂಬೈನೂರು ಚೀಟಿಗಳೂ ಅವರ ಜೊತೆಗೇ ಹೋಗಿವೆ. ಬೇರೆ ಪ್ರತಿ ಯಾರ ಬಳಿಯೂ ಇಲ್ಲ. ಅಚ್ಚಿಗೆ ಕೊಡಲು ಉಳಿದಿದ್ದದ್ದು ಎರಡೇ ವಾರ.

ಮಧುಕರನ ಮುಖ ಸಣ್ಣಗಾಯಿತು. “ಮೇಡಂ, ನೀವು ಅವರ ಶಿಷ್ಯೆ. ನೀವೇ ಹೋಗಿ ಒಂದು ಮಾತು ಹೇಳಿ.”

“ನೀನು ನಗು, ನಾನು ಹೋಗಿ ಕಾಲು ಹಿಡೀತೀನಿ,” ಎಂದಳು ಅರುಂಧತಿ. ಹಾಗೆಂದರೂ ಹೋಗಬೇಕಾದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಯಾರಿಗೆ ಯಾರ ಮೇಲೆ ಕೋಪ ಬಂದರೂ, ಕಾಲೇಜಿನಲ್ಲಾಗಲಿ ಮನೆಯಲ್ಲಾಗಲಿ, ನಡುವೆ ಓಡಾಡುವುದು ಅವಳದೇ ಕೆಲಸವಾಗಿತ್ತು.

ಮಂಡ್ಯದಿಂದ ಮದ್ದೂರಿಗೆ ಹಿಂದಿರುಗುವ ದಾರಿಯಲ್ಲಿ ಹನಕೆರೆ. ಅಲ್ಲಿ ಅವಳ ತಂದೆ ತಾಯಿಯ ಮನೆ. ಭಾನುವಾರದ ಸಭೆ ಮುಗಿಸಿ ಅಲ್ಲಿಳಿದು, ಉಂಡು ಹೋಗುವುದು ರೂಢಿ. ತಂದೆ ಪುಟ್ಟಮಾದಯ್ಯ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವನು. ಡಬ್ಬಿ ಜೋಡಿಸುವುದು, ಬಿಚ್ಚುವುದು, ಬಾವುಟ ತೋರಿಸುವುದು. ನಿವೃತ್ತನಾಗಿ ಹನ್ನೆರಡು ವರ್ಷವಾಗಿದ್ದರೂ ಗಾಡಿಯ ಸದ್ದು ಕೇಳಿದರೆ ಊಟದ ನಡುವೆಯೂ ತಲೆಯೆತ್ತಿ ‘ಎಂಟು ನಿಮಿಸ ಲೇಟು’ ಅನ್ನುತ್ತಿದ್ದ. ನಡುಮನೆಯಲ್ಲಿ ಬುದ್ಧನ ಪಟ, ಅದರ ಪಕ್ಕ ರೈಲ್ವೆಯವರು ಕೊಟ್ಟ ಗಡಿಯಾರ.

ಸಭೆಯ ಕತೆ ಕೇಳಿ ತಾಯಿ ಪಟ್ಟಲಮ್ಮ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. “ಬಫರಾ? ಥೂ, ಆ ಊಟ ಬ್ಯಾಡ ಕಣವ್ವ. ತಟ್ಟೆ ಇಡ್ಕಂಡು ಸಾಲಲ್ಲಿ ನಿಂತ್ಕಂಡು, ಬಿಕ್ಸೆ ಬೇಡ್ದಂಗೆ. ಅದ್ಕೆ ಯಾಕೆ ಮೇಷ್ಟ್ರು ಪುಸ್ತಕ ಬರೀತಾರೆ?”

“ಆ ಬಫರ್ ಅಲ್ಲ ಕಣವ್ವ.”

“ಇನ್ಯಾವ ಬಫರು? ಒಂದು ಸಾಲ್ದಾ?”

ಪುಟ್ಟಮಾದಯ್ಯ ಮೂಳೆ ಚೀಪುತ್ತಾ ಒಳಗೊಳಗೇ ನಗುತ್ತಿದ್ದ. “ನಾಳೆ ಮದ್ದೂರ್ಗೆ ನಾನೂ ಬತ್ತೀನಿ,” ಎಂದ. “ಪಿಂಚಣಿಗೆ ಎಬ್ಬೆಟ್ಟು ಒತ್ಬೇಕಂತೆ. ಬದುಕಿವ್ನಿ ಅಂತ ವರ್ಸವರ್ಸ ಏಳ್ಬೇಕಲ್ಲ ಅವರ್ಗೆ.”

ಮಾರನೆಯ ದಿನ ಅರುಂಧತಿ ಮೂರು ಗಂಟೆಗೆ ಕಾಲೇಜು ಮುಗಿಸಿ ತಂದೆಯನ್ನು ಪೇಟೆಯ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದಳು. ಪುಟ್ಟಮಾದಯ್ಯ ಹೆಬ್ಬೆರಳನ್ನು ಪಂಚೆಗೆ ಒರೆಸಿ ಸಣ್ಣ ಮಿಷನ್ನಿನ ಮೇಲಿಟ್ಟ. ಕೊಂಡಿ, ಸರಪಳಿ ಎಳೆದೆಳೆದು ಸವೆದುಹೋಗಿದ್ದ ಬೆರಳು, ಗೆರೆಗಳೇ ಉಳಿದಿರಲಿಲ್ಲ. ಒಂದು ಬೆರಳು, ಎರಡು ಬೆರಳು, ಕೊನೆಗೆ ಎಡಗೈ ನಡುಬೆರಳು ಹಿಡಿಯಿತು. ಆದರೆ ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು.

“ಏನವ್ವ ಇದು? ನಾನು ಬದುಕಿವ್ನೋ ಇಲ್ವೋ ಅಂತ ಡೆಲ್ಲಿಗೋಗಿ ಕೇಳ್ಕಂಡ್ ಬತ್ತಾ ಅದಾ?”

“ನೆಟ್ ನಿಧಾನ, ಯಜಮಾನ್ರೇ,” ಎಂದ ಅಂಗಡಿಯ ಅಂಬರೀಶ್. “ಬಫರ್ ಆಯ್ತಾ ಅದೆ. ಒಂದು ಗಂಟೆ ಬುಟ್ಟು ಬನ್ನಿ, ತಗ್ದು ಮಡಗಿರ್ತೀನಿ.”

“ಅಲ್ಲಿಗಂಟ ನಾನು ಬದುಕಿರ್ಬೋದಾ?”

“ಇರಿ ಇರಿ, ಪರವಾಗಿಲ್ಲ.”

ಒಂದು ಗಂಟೆ ಏನು ಮಾಡುವುದು? ತಂದೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ತಾನೊಬ್ಬಳೇ ಅಲ್ಲೇ ಮದ್ದೂರಿನಲ್ಲಿದ್ದ ಮೇಷ್ಟ್ರ ಮನೆಗೆ ಹೋಗಿಬರೋಣವೆಂದು ಅರುಂಧತಿ ಯೋಚಿಸುತ್ತಿದ್ದಳು. ಪುಟ್ಟಮಾದಯ್ಯ ಆಗಲೇ ಟವಲ್ಲು ಹೆಗಲಿಗೆ ಹಾಕಿಕೊಂಡು, “ನಡಿ, ನಿಮ್ಮ ಮೇಷ್ಟ್ರ ಮನೆಗೇ ಓಗವ,” ಎಂದುಬಿಟ್ಟ.

ಅವಳಿಗೆ ಅದು ಬೇಡವಾಗಿತ್ತು. ಅದಕ್ಕೆ ಕಾರಣವಿತ್ತು. ಎಂಟನೇ ತರಗತಿಯಲ್ಲಿ ಅವಳು ‘ಆಲು’, ‘ಅಣ್ಣು’, ‘ಅಲಗೂರು’ ಎಂದು ಓದಿದಾಗ ಇದೇ ಮೇಷ್ಟ್ರು ಬೆಂಚಿನ ಪಕ್ಕ ನಿಲ್ಲಿಸಿ, ಉಸಿರು ಬಿಟ್ಟು ಬಿಟ್ಟು ‘ಹ’ ಹೇಳಿಸಿದ್ದರು. ಒಂದು ವಾರ. ಹೊಡೆಯಲಿಲ್ಲ, ಬಯ್ಯಲಿಲ್ಲ, ಆದರೆ ಇಡೀ ತರಗತಿ ಬೆಂಚಿನ ಕೆಳಗೆ ತಲೆ ಹಾಕಿ ನಕ್ಕಿತ್ತು. ಆಮೇಲೆ ಅವಳೇ ಕನ್ನಡದಲ್ಲಿ ಶಾಲೆಗೆ ಮೊದಲಿಗಳಾದಳು, ಅದು ಬೇರೆ ಮಾತು. ಈಗ ಒಂದೇ ಒಂದು ‘ಹ’ ಇಲ್ಲದ ಅಪ್ಪನನ್ನು ಆ ಮೇಷ್ಟ್ರ ಎದುರು, ಅದೂ ಅವರು ಮುನಿಸಿಕೊಂಡು ಕೂತಿರುವಾಗ, ಕೂರಿಸುವುದೆಂದರೆ? ಅಪ್ಪನಿಗೆ ಅವಮಾನವಾದೀತು ಎಂಬುದು ಒಂದು ಭಯ. ಅಪ್ಪ ಎದುರು ಮಾತಾಡಿಬಿಟ್ಟಾನು ಎಂಬುದು ಅದಕ್ಕಿಂತ ದೊಡ್ಡದು.

ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ ಪದ್ಮಮ್ಮ. “ಬಾರೇ ಅರುಂಧತಿ. ಇವರು ನಿಮ್ಮ ತಂದೇನಾ? ಬನ್ನಿ, ಒಳಗೆ ಬನ್ನಿ. ಅವರು ಮನೇಲೇ ಇದ್ದಾರೆ, ಮಾತಾಡ್ತಾ ಇಲ್ಲ ಅಷ್ಟೆ,” ಎಂದು ದನಿ ತಗ್ಗಿಸಿ, “ನಿನ್ನೆಯಿಂದ ಊಟಕ್ಕೂ ಸನ್ನೇಲೇ ಕರೀಬೇಕು. ನನಗೇನೋ ಆರಾಮಾಗಿದೆ,” ಎಂದರು.

ಮೇಷ್ಟ್ರು ನಡುಮನೆಯ ಕುರ್ಚಿಯಲ್ಲಿ ನಿನ್ನೆಯ ಪತ್ರಿಕೆ ಹಿಡಿದುಕೊಂಡಿದ್ದರು. ಡಬ್ಬಿ ಪಕ್ಕದ ಸ್ಟೂಲಿನ ಮೇಲಿತ್ತು, ದಾರ ಬಿಚ್ಚಿರಲಿಲ್ಲ. ಅರುಂಧತಿ ತಂದೆಯ ಪರಿಚಯ ಹೇಳಿದಾಗ ಎದ್ದು ನಿಂತು ಕೈಮುಗಿದರು. “ಪುಟ್ಟಮಾದಯ್ಯನವರು. ಕೂತ್ಕೊಳ್ಳಿ.” ಅವಳ ಕಡೆ ಮಾತ್ರ ನೋಡಲಿಲ್ಲ. ಪದ್ಮಮ್ಮ ಕಾಫಿ ತಂದರು. ನಾಲ್ಕೂ ಒಂದೇ ಥರದ ಸ್ಟೀಲ್ ಲೋಟ. ಅದನ್ನು ತಾನು ಗಮನಿಸಿದ್ದು ಗೊತ್ತಾಗಿ ಅರುಂಧತಿಗೆ ನಾಚಿಕೆಯಾಯಿತು.

“ಸಾರ್, ಮಧುಕರ ಹುಡುಗ. ಗೊತ್ತಾಗದೆ...” ಎಂದು ಶುರುಮಾಡಿದಳು.

“ಮೇಷ್ಟ್ರೇ,” ಎಂದ ಪುಟ್ಟಮಾದಯ್ಯ, ಅವಳ ಮಾತನ್ನು ಹಾಯ್ದುಕೊಂಡು. “ನೀವು ಬಫರ್ ನೋಡಿದ್ದೀರಾ?”

ಅರುಂಧತಿ ಗಾಬರಿಯಾದಳು. “ಅಪ್ಪ ಏನು ಕೇಳ್ತಾ ಇದಾರೆ ಅಂದ್ರೆ ಸಾರ್, ತಾವು ಯಾವಾಗಲಾದರೂ ರೈಲ್ವೆ ಸ್ಟೇಷನ್ನಿನಲ್ಲಿ ಆ ಭಾಗವನ್ನ...”

“ನನಗೆ ಕನ್ನಡ ಬರುತ್ತಮ್ಮ,” ಎಂದರು ಮೇಷ್ಟ್ರು. ಆಮೇಲೆ ಪುಟ್ಟಮಾದಯ್ಯನ ಕಡೆ ತಿರುಗಿ, ಸ್ವಲ್ಪ ತಡೆದು, “ಇಲ್ಲ. ನೋಡಿಲ್ಲ,” ಎಂದರು.

“ನೋಡ್ದೇನೇ ಎಸರು ಮಡಗ್ಬುಟ್ರಾ?”

ಅಡುಗೆಮನೆಯ ಬಾಗಿಲಲ್ಲಿ ಪದ್ಮಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು. ಅರುಂಧತಿ ಮತ್ತೆ ನಡುವೆ ಬಂದಳು. “ಅಪ್ಪ, ಮೇಷ್ಟ್ರು ಇಟ್ಟಿರೋದು ಆಘಾತಶಾಮಕ ಅಂತ. ಆಘಾತ ಅಂದ್ರೆ...”

“ಗೊತ್ತಾಯ್ತು ಬುಡವ್ವ. ಗುದ್ದು. ಶಾಮಕ ಅಂದ್ರೆ ತಣ್ಣಗ್ ಮಾಡೋದು. ನೀನ್ಯಾಕೆ ಇಬ್ಬರ ಮಧ್ಯೆ ನಿಂತ್ಕಂಡು ಬೆವರ್ತಾ ಇದ್ದೀಯ? ಕಾಫಿ ಕುಡಿ, ಆರೋಯ್ತದೆ.”

ಅರುಂಧತಿ ಕಾಫಿ ಕುಡಿದಳು. 

ಮೇಷ್ಟ್ರು ಪತ್ರಿಕೆ ಮಡಿಸಿಟ್ಟರು. “ಹಾಗಾದರೆ ನನ್ನ ಪದದಲ್ಲಿ ತಪ್ಪೇನಿದೆ, ಹೇಳಿ.”

“ಅದು ಗುದ್ದನ್ನ ತಣ್ಣಗೆ ಮಾಡಾಕಿಲ್ಲ ಮೇಷ್ಟ್ರೇ. ಒಳಗೆ ಸ್ಪ್ರಿಂಗ್ ಇರ್ತದೆ. ಬಂದ ಗುದ್ದ ಈಸ್ಕತದೆ, ಒಳಗೆ ಮಡಿಕತದೆ, ಆಮೇಕೆ ಒಸಿ ಒಸಿಯಾಗಿ ಬುಡ್ತದೆ. ಎಲ್ಲೂ ಓಗಾಕಿಲ್ಲ ಗುದ್ದು. ಒಂದೇ ಸಲಕ್ಕೆ ಬರ್ದಂಗೆ ನೋಡ್ಕತದೆ, ಅಷ್ಟೇಯ.” ಅವನು ಎರಡು ಮುಷ್ಟಿಯನ್ನು ಎದುರು ಬದುರು ತಂದು ತೋರಿಸಿದ. “ನನ್ನ ಪ್ರಾಣ ಉಳ್ಸಿದ್ದೂ ಅದೇಯ.”

“ಯಾವಾಗಪ್ಪ?” ಎಂದಳು ಅರುಂಧತಿ. ಇದು ಅವಳು ಕೇಳಿರದ ಮಾತು.

ಪುಟ್ಟಮಾದಯ್ಯ ಯಾರದೋ ವಿಷಯದಂತೆ ಹೇಳಿದ. ಮಂಡ್ಯದ ಯಾರ್ಡಿನಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಸಿಹಿ ಮಡ್ಡಿ ಕಾಕಂಬಿ ತುಂಬಿದ ಟ್ಯಾಂಕರ್ ಡಬ್ಬಿ ಜೋಡಿಸುವ ಕೆಲಸ. ಕೊಂಡಿ ಹಾಕುವವನು ಎರಡು ಡಬ್ಬಿಗಳ ನಡುವೆ ನಿಲ್ಲಬೇಕು. ಅವನ ಎಡಕ್ಕೊಂದು ಬಲಕ್ಕೊಂದು ಬಫರ್. ಅವನು ಇನ್ನೂ ಕೈ ತೋರಿಸಿರಲಿಲ್ಲ, ಅಷ್ಟರಲ್ಲಿ ಇಂಜಿನ್ ತಳ್ಳಿಬಿಟ್ಟಿತು. ಓಡಲು ಹೊತ್ತಿಲ್ಲ. ಇದ್ದಲ್ಲೇ ನಿಂತ. ಎರಡೂ ಕಡೆ ಗಣ್ಣೆಂದು ಬಫರ್‌ಗೆ ಬಫರ್ ಬಡಿದು, ಒಳಕ್ಕೆ ಹೋಗಿ, ನಿಂತುಕೊಂಡವು. ನಡುವೆ ಅವನು ನಿಂತಷ್ಟು ಜಾಗ ಉಳಿಯಿತು.

“ಅವು ಇಲ್ದೇ ಇದ್ರೆ ನಾನು ಅವತ್ತು ಒಬ್ಬಟ್ಟು. ಕಾಕಂಬಿ ಬೇರೆ ಪಕ್ದಲ್ಲೇ ಇತ್ತು.”

ಯಾರೂ ನಗಲಿಲ್ಲ. ಅರುಂಧತಿ ಲೋಟ ಕೆಳಗಿಟ್ಟಳು. “ಇದು ಯಾವ ವರ್ಷ?”

“ನೀನು ಅತ್ತನೇ ಕ್ಲಾಸು. ಅವತ್ತು ಸಾಯಂಕಾಲ ಬಂದು, ನೀನು ಓದ್ತಿದ್ಯಲ್ಲ, ಗಟ್ಟಿಯಾಗಿ ಓದು ಅಂದಿದ್ದೆ. ಗೆಪ್ತಿ ಇಲ್ವಾ?”

ನೆನಪಿತ್ತು. ಎಂದೂ ಇಲ್ಲದ ಅಪ್ಪ ಪಕ್ಕಕ್ಕೆ ಬಂದು ಕೂತಿದ್ದ. ಅವಳು ಕನ್ನಡ ಪಾಠ ಓದಿದ್ದಳು, ಎಲ್ಲ ‘ಹ’ಗಳನ್ನೂ ಸರಿಯಾಗಿ ಹಚ್ಚಿ. ತನ್ನ ಓದು ಕೇಳಲು ಬಂದನೆಂದು ಎಷ್ಟೋ ದಿನ ಹೆಮ್ಮೆಪಟ್ಟಿದ್ದಳು.

“ಯಾಕೆ ಹೇಳಲಿಲ್ಲ ನಮಗೆ?”

“ಏನಂತ ಏಳ್ಲಿ? ಸತ್ತಿದ್ರೆ ಏಳ್ಬೋದಾಗಿತ್ತು.”

ಮೇಷ್ಟ್ರು ತಮ್ಮ ಎರಡು ಮುಷ್ಟಿಯನ್ನೂ ಎದುರು ಬದುರು ತಂದು ನೋಡಿಕೊಂಡರು. ಆಮೇಲೆ ತಮ್ಮಷ್ಟಕ್ಕೇ ಅಂದುಕೊಂಡರು, “ಈಸಿಕೊಂಡು, ಮಡಗಿಕೊಂಡು, ಬಿಡುವುದು. ಮಡಗು... ಎಷ್ಟು ಹಳೆಯ ಮಾತು ಇದು. ನಾವು ಪೇಟೆಯವರು ಬಿಟ್ಟೇಬಿಟ್ಟಿದ್ದೇವೆ.” ಕಣ್ಣಲ್ಲಿ ಇದ್ದಕ್ಕಿದ್ದಂತೆ ಬೆಳಕು ಬಂತು. “ಮಡಗುಕ! ಮಡಗುಕ ದ್ರಾವಣ, ಮಡಗುಕ ವಲಯ, ಮಡಗುಕ ಸ್ಮೃತಿ! ಹೇಗಿದೆ?”

“ಬ್ಯಾಡಿ ಮೇಷ್ಟ್ರೇ. ಮೂವತ್ತು ವರ್ಸ ಅದನ್ನ ಬಫರ್ ಅಂತ ಕರ್ದಿವ್ನಿ. ಈಗೋಗಿ ಮಡಗುಕ ಅಂದ್ರೆ ಅದು ನನ್ನ ಗುರುತೇ ಇಡಿಯಾಕಿಲ್ಲ.”

“ಮಕ್ಕಳು ಪರೀಕ್ಷೆ ಬರೆಯೋದು ಯಾವಾಗ್ರೀ, ನೀವು ಹೀಗೆ ದಿನಕ್ಕೊಂದು ಹೆಸರಿಡ್ತಾ ಇದ್ರೆ?” ಎಂದರು ಪದ್ಮಮ್ಮ ಒಳಗಿನಿಂದ. ನಿನ್ನೆಯಿಂದ ಗಂಡನಿಗೆ ಅವರು ಆಡಿದ ಮೊದಲ ಮಾತು ಅದೇ ಇರಬೇಕು.

ಮೇಷ್ಟ್ರು ಎದ್ದರು. “ಪುಟ್ಟಮಾದಯ್ಯನವರೇ, ಇಲ್ಲಿಂದ ಸ್ಟೇಷನ್ ಎಷ್ಟು ದೂರ?”

“ಆಟೋಲಿ ಐದು ನಿಮಿಸ.”

“ನಡೀರಿ. ತೋರಿಸಿ.”

ಹೀಗೆ ಒಂದು ಸೋಮವಾರ ಸಂಜೆ ನಾಲ್ಕೂಕಾಲಕ್ಕೆ, ಎಲ್ಲಿಗೂ ಹೋಗದ ಮೂವರು ಮೂರು ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಮದ್ದೂರು ಸ್ಟೇಷನ್ನಿನೊಳಗೆ ಹೋದರು. ಪುಟ್ಟಮಾದಯ್ಯ ಮುಂದೆ. ಅವನ ನಡಿಗೆಯೇ ಬದಲಾಗಿತ್ತು. ಹಳಿ ಕಂಡೊಡನೆ ಬೆನ್ನು ನೆಟ್ಟಗಾಗಿ, ಎಡ ಬಲ ನೋಡುತ್ತಾ, ಕೆಲಸದ ಮೇಲೆ ಬಂದವನಂತೆ ಹೆಜ್ಜೆ ಹಾಕುತ್ತಿದ್ದ. ಪ್ಲಾಟ್‌ಫಾರಮ್ಮಿನ ತುದಿಗೆ ಹೋದರೆ ಪಕ್ಕದ ಹಳಿಯೊಂದು ಹುಲ್ಲಿನೊಳಗೆ ನಡೆದು ಅಲ್ಲೇ ಮುಗಿದಿತ್ತು. ಮುಗಿದ ಕಡೆ ಕಬ್ಬಿಣದ ಚೌಕಟ್ಟು, ಅದರಿಂದ ಮುಂದಕ್ಕೆ ಚಾಚಿದ ಎರಡು ದಪ್ಪ ತೋಳು, ತೋಳಿನ ತುದಿಗೆ ಊಟದ ತಟ್ಟೆಯಗಲದ ದುಂಡು ಕಬ್ಬಿಣ.

“ಇದೇನಾ?” ಎಂದರು ಮೇಷ್ಟ್ರು. ದನಿಯಲ್ಲಿ ಸ್ವಲ್ಪ ನಿರಾಸೆ. ಐದು ದಿನ ಸಂಸ್ಕೃತದಲ್ಲಿ ಧ್ಯಾನಿಸಿದ ವಸ್ತು ಇಷ್ಟು ತುಕ್ಕು ಹಿಡಿದಿರುತ್ತದೆಂದು ಅವರು ಎಣಿಸಿರಲಿಲ್ಲ.

“ಇದು ನಿಂತಿರೋ ಬಫರು. ಓಡಾಡೋದು ಅಲ್ನೋಡಿ.” ಪಕ್ಕದ ಹಳಿಯಲ್ಲಿ ಒಂಟಿ ಇಂಜಿನ್ ಒಂದು ನಿಂತಿತ್ತು. ಅದರ ಮೂತಿಯ ಎರಡು ಕಡೆ ಅಂಥದೇ ತಟ್ಟೆಗಳು, ಮೇಲೆ ಕಪ್ಪು ಗ್ರೀಸು. “ಈಗಿನ ಒಸ ಬೋಗಿಗೆ ಇವು ಇಲ್ಲ. ಮಧ್ಯದಲ್ಲೇ ಒಂದು ಕೊಂಡಿ, ಅದ್ರೊಳಗೇ ಎಲ್ಲ. ಇಂಜಿನ್ನಿಗೆ ಇನ್ನೂ ಬುಟ್ಟವ್ರೆ.”

ಮೇಷ್ಟ್ರು ಬಗ್ಗಿ ತುಕ್ಕಿನ ತಟ್ಟೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಅದು ಅಲುಗಲಿಲ್ಲ.

“ಇಂಜಿನ್ ಗುದ್ದಿದ್ರೆ ಓಯ್ತದೆ ಮೇಷ್ಟ್ರೇ. ಮನ್ಸ ಒತ್ತಿದ್ರೆ ಓಗಾಕಿಲ್ಲ.”

ಮೇಷ್ಟ್ರು ಕೈಯನ್ನು ಪಂಚೆಗೆ ಒರೆಸಿಕೊಂಡರು. ಬಿಳಿ ಪಂಚೆಯ ಮೇಲೆ ಐದು ಬೆರಳೂ ಕಂದಾಗಿ ಮೂಡಿದವು. ಅರುಂಧತಿ ಅಯ್ಯೋ ಅನ್ನುವಷ್ಟರಲ್ಲಿ ಅವರು ಇನ್ನೊಂದು ಕೈಯನ್ನೂ ಒರೆಸಿಯಾಗಿತ್ತು. ಅವರಿಗೆ ಅದರ ಕಡೆ ಗಮನವೇ ಇಲ್ಲ. ಇದಕ್ಕೇನಂತೀರಿ, ಅದಕ್ಕೇನಂತೀರಿ, ಹಳಿ ಕವಲೊಡೆಯುವ ಕಡೆಗೆ ಏನಂತೀರಿ, ಬಾವುಟ ಅಡ್ಡ ಹಿಡಿದರೆ ಏನು, ಕುಲುಕಿದರೆ ಏನು. ಪುಟ್ಟಮಾದಯ್ಯ ಹೇಳಿದ, ಮೇಷ್ಟ್ರು ಪ್ಲಾಟ್‌ಫಾರಂ ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡರು. ತಮ್ಮದು ಮುಗಿದ ಮೇಲೆ ಅರುಂಧತಿಯದನ್ನು ಇಸಕೊಂಡರು. ನಡುವೆ ಒಂದು ಎಕ್ಸ್‌ಪ್ರೆಸ್ ನಿಲ್ಲದೆ ಹೋಯಿತು. ಮೂವರೂ ಛತ್ರಿ, ಸೆರಗು, ಟವಲ್ಲು ಹಿಡಿದುಕೊಂಡು ನಿಂತರು. ಗಾಳಿ ತಣ್ಣಗಾದ ಮೇಲೆ ಮೇಷ್ಟ್ರು ಅರುಂಧತಿಯ ಕಡೆ ತಿರುಗಿದರು.

“ನಿನ್ನ ದ್ರಾವಣವೂ ಹೀಗೇನಾ? ಈಸಿಕೊಂಡು ಮಡಗಿಕೊಳ್ಳೋದಾ?”

ಅರುಂಧತಿ ಯೋಚಿಸಿದಳು. ಹದಿನೆಂಟು ವರ್ಷ ಬೋರ್ಡಿನ ಮೇಲೆ ಸಮೀಕರಣ ಬರೆದಿದ್ದಳು, ಹೀಗೆ ಕೇಳಿಕೊಂಡಿರಲಿಲ್ಲ. “ಹೌದು ಸಾರ್. ಆಮ್ಲ ಹಾಕಿದರೆ ಅದರಲ್ಲಿರೋ ಲವಣ ಈಸ್ಕೊಳ್ಳುತ್ತೆ. ಕ್ಷಾರ ಹಾಕಿದರೆ ಇಟ್ಟುಕೊಂಡದ್ದನ್ನ ಸ್ವಲ್ಪ ಸ್ವಲ್ಪ ಬಿಡುತ್ತೆ. ಅದಕ್ಕೇ ಒಂದು ಮಿತಿವರೆಗೂ ಹುಳಿ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಮಿತಿ ಮೀರಿದರೆ ಅದೂ ಸೋಲುತ್ತೆ.”

“ಎಲ್ಲರ ಹಾಗೆ,” ಎಂದರು ಮೇಷ್ಟ್ರು. ಆಮೇಲೆ, ಇಂಜಿನ್ನಿನ ಕಡೆ ನೋಡುತ್ತಾ, “ನೀನು ನಿನ್ನೆ ನಗಲಿಲ್ಲ. ಆದರೆ ನಗಬೇಕು ಅನ್ನಿಸಿತ್ತು,” ಎಂದರು.

“ಅನ್ನಿಸಿತ್ತು ಸಾರ್.”

“ನಕ್ಕುಬಿಡಬೇಕಿತ್ತು. ನನಗೆ ಆಗಲೇ ಗೊತ್ತಾಗ್ತಿತ್ತು, ಪದ ಉದ್ದವಾಯಿತು ಅಂತ.”

ಅವಳು ಈಗ ನಕ್ಕಳು. ಮೇಷ್ಟ್ರೂ ನಕ್ಕರು. ಪುಟ್ಟಮಾದಯ್ಯ ಏನು ಎಂದು ಕೇಳದೆ ಜೊತೆಗೆ ನಕ್ಕ.

ಹಿಂದಿರುಗುವಾಗ ಅಂಬರೀಶನ ಅಂಗಡಿಯಲ್ಲಿ ಕಾಗದ ಸಿದ್ಧವಾಗಿತ್ತು. ಪುಟ್ಟಮಾದಯ್ಯ ಬದುಕಿರುವುದನ್ನು ಸರ್ಕಾರ ಒಪ್ಪಿಕೊಂಡಿತ್ತು. ಪಂಚೆಯ ವಿಷಯವಾಗಿ ಪದ್ಮಮ್ಮ ಏನು ಹೇಳಿದರೆಂಬುದು ಅರುಂಧತಿಗೆ ಗೊತ್ತಾಗಲಿಲ್ಲ. ಮುಂದಿನ ಭಾನುವಾರ ಮೇಷ್ಟ್ರು ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದಾಗ ಸುಮಾರಾಗಿ ಊಹಿಸಿಕೊಂಡಳು.

ಆ ಭಾನುವಾರ ಮಧುಕರ ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಒರೆಸುತ್ತಿದ್ದ. ಮೇಷ್ಟ್ರು ಬಂದು ಡಬ್ಬಿ ಇಟ್ಟರು, ದಾರ ಬಿಚ್ಚಿದರು, ಒಂದು ಚೀಟಿ ತೆಗೆದು ಓದಿದರು:

“‘ಬಫರ್: ಒಂದು ಕಡೆಯಿಂದ ಬಂದದ್ದನ್ನು ಈಸಿಕೊಂಡು, ಒಳಗೆ ಮಡಗಿಕೊಂಡು, ಇನ್ನೊಂದು ಕಡೆಗೆ ನಿಧಾನವಾಗಿ ಬಿಡುವಂಥದು. ರೈಲಿನಲ್ಲಿ ಅದು ಗುದ್ದನ್ನೂ, ದ್ರಾವಣದಲ್ಲಿ ಆಮ್ಲ ಕ್ಷಾರಗಳನ್ನೂ, ಕಂಪ್ಯೂಟರಿನಲ್ಲಿ ಮಾಹಿತಿಯನ್ನೂ ಹೀಗೆ ನೋಡಿಕೊಳ್ಳುತ್ತದೆ. ವಿವರಣೆ: ಪುಟ್ಟಮಾದಯ್ಯ, ನಿವೃತ್ತ ಪಾಯಿಂಟ್ಸ್‌ಮನ್, ಹನಕೆರೆ.’”

ಮಧುಕರ ಎರಡು ಸಲ ಓದಿಸಿಕೊಂಡ. “ಸಾರ್, ನಮ್ಮ ಟೆಕ್ಸ್ಟ್‌ಬುಕ್ಕಿನಲ್ಲೂ ಇಷ್ಟು ಚೆನ್ನಾಗಿಲ್ಲ. ವಿಡಿಯೋ ಒಂದೇ ಸಮ ಓಡೋದು ಹೀಗೇನೇ. ಅವತ್ತು ನಾನು...”

“ಇರಲಿ ಬಿಡಪ್ಪ. ಚಕ್ರ ಇನ್ನೂ ಸುತ್ತುತ್ತಾ ಇದೆಯಾ?”

“ನನ್ನ ಆನೆ ಎಲ್ಲಿ ಸಾರ್?” ಎಂದರು ಇಂದ್ರಮ್ಮ. “ಅದು ಒಸಿ ಒಸಿಯಾಗಿ ಬರೋದಿಲ್ಲ. ಬಂದರೆ ಪೂರ್ತಿ ಆನೆಯೇ ಬರುತ್ತೆ.”

ಆನೆಗಾಗಿ ಒಂದು ಗಂಟೆ ಚರ್ಚೆಯಾಗಿ, ಚೀಟಿಯ ಕೆಳಗೆ ಇನ್ನೊಂದು ವಾಕ್ಯ ಸೇರಿತು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಆಘಾತಶಾಮಕ ಎಂದೂ ಹೇಳಬಹುದು’ ಎಂದು ಸೇರಿಸಲು ಸಲಹೆ ಕೊಟ್ಟವನು ಮಧುಕರನೇ. ಮೇಷ್ಟ್ರು ಬೇಡವೆಂದು ಎರಡು ಸಲ ಹೇಳಿ ಒಪ್ಪಿಕೊಂಡರು.

ಕೈಪಿಡಿ ಜನವರಿಯಲ್ಲಿ ಬಂತು. ಪಟ್ಟಲಮ್ಮ ಗಂಡನ ಹೆಸರಿದ್ದ ಪುಟವನ್ನು ಬೀದಿಯವರಿಗೆಲ್ಲ ತೋರಿಸಿ ಬಂದಳು; ಏನು ಬರೆದಿದ್ದಾರೆಂದು ಕೇಳಿದವರಿಗೆ, “ಎಲ್ಲ ಇವ್ರೇ ಏಳ್ಕೊಟ್ಟಿದ್ದಂತೆ, ಮೇಷ್ಟ್ರು ಬರ್ಕಂಡವ್ರೆ ಅಷ್ಟೇಯ,” ಎಂದಳಂತೆ.

ಫೆಬ್ರವರಿಯ ಒಂದು ಗುರುವಾರ ಪಟ್ಟಲಮ್ಮ ಅರುಂಧತಿಗೆ ಫೋನ್ ಮಾಡಿದಳು. “ನಿಮ್ಮಪ್ಪ ಬೆಳಿಗ್ಗೆ ಮದ್ದೂರ್ಗೆ ಓದೋರು ಇನ್ನೂ ಬಂದಿಲ್ಲ ಕಣವ್ವ. ಒಸಿ ನೋಡು.” ಅರುಂಧತಿಗೆ ಎಲ್ಲಿ ನೋಡಬೇಕೆಂದು ತಿಳಿದಿತ್ತು. ಕಾಲೇಜಿನಿಂದ ನೇರ ಸ್ಟೇಷನ್ನಿಗೆ ಹೋದಳು.

ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಅಪ್ಪ, ಮೇಷ್ಟ್ರು ಇಬ್ಬರೂ ಕೂತಿದ್ದರು. ನಡುವೆ ಕಡಲೆಕಾಯಿ ಸಿಪ್ಪೆಯ ರಾಶಿ. ದೂರಕ್ಕೇ ಕೇಳುವಂತೆ ಜಗಳ ನಡೆದಿತ್ತು. ಹಳಿಯ ಕೆಳಗೆ ಹಾಕುವ ಜಲ್ಲಿಗೆ ಒಳ್ಳೆಯ ಕನ್ನಡ ಪದ ಬೇಕೆಂದು ಮೇಷ್ಟ್ರು, ಜಲ್ಲಿ ಅಂದರೆ ಸಾಲದೇ ಎಂದು ಪುಟ್ಟಮಾದಯ್ಯ. ಹನಕೆರೆಗೆ ಹೋಗುವ ಪ್ಯಾಸೆಂಜರ್ ಬಂದು ನಿಂತು, ಸೀಟಿ ಹೊಡೆದು ಹೊರಟಿತು. ಇಬ್ಬರೂ ತಲೆಯೆತ್ತಿ ನೋಡಲಿಲ್ಲ.

ಅರುಂಧತಿ ಎರಡು ಹೆಜ್ಜೆ ಮುಂದಿಟ್ಟಳು. ಆಮೇಲೆ ನಿಂತಳು. ತಾಯಿಗೆ ಫೋನ್ ಮಾಡಿ, “ಅಪ್ಪ ಮುಂದಿನ ಗಾಡಿಗೆ ಬರ್ತಾರೆ ಕಣವ್ವ,” ಎಂದು ಹೇಳಿ, ತಿದ್ದಬೇಕಾದ ಪತ್ರಿಕೆಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಮನೆಯ ಕಡೆ ನಡೆದಳು.